ದನ ತಿಂದುಳಿದ ಪೋಸ್ಟರು

2024ರ ನವೆಂಬರ್ 18ರಂದು ದೆಹಲಿಯ ಗಾಳಿಯ ಸೂಚ್ಯಂಕ 494 ಮುಟ್ಟಿತು. ಶಾಲೆಗೆ ಬೀಗ, ಪಾಠವೆಲ್ಲ ಮನೆಯಿಂದ. ಮಯೂರ್ ವಿಹಾರದ ನಮ್ಮ ಮೂರನೇ ಮಹಡಿಯ ಕಿಟಕಿಗೆ ಎದುರು ಮನೆಯ ನೀರಿನ ಟ್ಯಾಂಕು ಕೂಡ ಕಾಣುತ್ತಿರಲಿಲ್ಲ. ಒಳಗೆ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಹರವಿಕೊಂಡು ಹನ್ನೊಂದನೇ ಕ್ಲಾಸಿನ ನನ್ನ ಮಗಳು ಸಿನಿಮಾ ಪೋಸ್ಟರ್ ಮಾಡುತ್ತಿದ್ದಳು.

ಮಾಡುತ್ತಿದ್ದದ್ದು ಮಾರ್ಕ್ಸಿಗೆ. ಸಿಬಿಎಸ್‌ಇಯಲ್ಲಿ ‘ಮಾಸ್ ಮೀಡಿಯಾ ಸ್ಟಡೀಸ್’ ಅಂತ ಒಂದು ವಿಷಯವಿದೆ. ಥಿಯರಿಗೆ 60, ಪ್ರಾಕ್ಟಿಕಲ್‌ಗೆ 40. ನಮ್ಮ ಕಾಲದಲ್ಲಿ ಸ್ಕೂಲಿಗೆ ಹೋಗುವ ದಾರಿಯಲ್ಲಿ ಪೋಸ್ಟರ್ ನೋಡುತ್ತ ನಿಂತರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಈಗ ನೋಡದಿದ್ದರೆ ಮಾರ್ಕ್ಸು ಹೋಗುತ್ತದೆ. ಇಂಥ ಸಬ್ಜೆಕ್ಟು ಆಗ ಇದ್ದಿದ್ದರೆ ತಿಪಟೂರಿಗೇ ಫಸ್ಟ್ ಬರುತ್ತಿದ್ದೆ ಎಂದು ನನಗೆ ಇವತ್ತಿಗೂ ಗುಮಾನಿ.

ಇಲ್ಲದ ಒಂದು ಸಿನಿಮಾ ಊಹಿಸಿಕೊಂಡು ಅದಕ್ಕೆ ಪೋಸ್ಟರ್ ಮಾಡಬೇಕು. ಒಟ್ಟು ಹತ್ತು ಮಾರ್ಕ್ಸು. ಅಕ್ಷರಕ್ಕೆ ಎರಡು, ಬಣ್ಣಕ್ಕೆ ಎರಡು, ಚಿತ್ರದ ಹೊಂದಾಣಿಕೆಗೆ ಎರಡು, ‘ಟಾರ್ಗೆಟ್ ಆಡಿಯನ್ಸ್’ಗೆ ಎರಡು, ಕ್ರೆಡಿಟ್ ಬ್ಲಾಕಿಗೆ ಎರಡು. ಈ ಕೊನೆಯದು ಏನು ಎಂದು ಕೇಳಿದೆ. ಪೋಸ್ಟರಿನ ಬುಡದಲ್ಲಿ ಇರುವೆ ಸಾಲಿನ ಹಾಗೆ ನಿರ್ಮಾಪಕ, ಛಾಯಾಗ್ರಾಹಕ, ಸಂಕಲನಕಾರರ ಹೆಸರುಗಳು ಒತ್ತೊತ್ತಾಗಿ ಇರುತ್ತವಲ್ಲ, ಅದು. ಹಾಲಿವುಡ್ಡಿನ ಕರಾರುಗಳಲ್ಲಿ ಯಾರ ಹೆಸರು ಶೀರ್ಷಿಕೆಯ ಎತ್ತರದ ಶೇಕಡಾ ಎಷ್ಟಿರಬೇಕು ಎಂದೇ ಬರೆದಿರುತ್ತಾರೆ. ಹಾಗಾಗಿ ಎತ್ತರ ಉಳಿಸಿಕೊಂಡು ಅಗಲ ಹಿಂಡುತ್ತಾರೆ. ಅಕ್ಷರಗಳು ಏಕಾದಶಿ ಉಪವಾಸ ಮಾಡಿದವರಂತೆ ಕಾಣುತ್ತವೆ. ಕನ್ನಡಕ್ಕೆ ಆ ಮೈಕಟ್ಟು ಒಗ್ಗುವುದಿಲ್ಲ. ಹಿಂಡಿದರೆ ಒತ್ತಕ್ಷರ ಕೆಳಗಿನ ಸಾಲಿನವನ ತಲೆಗೆ ಕಾಲು ತಾಗಿಸುತ್ತದೆ.

“ನಮ್ಮೂರಲ್ಲಿ ಆ ಭಾಗ ದನದ ಪಾಲು,” ಎಂದೆ. ಅವಳು ತಮಾಷೆ ಅಂದುಕೊಂಡಳು.

ತಮಾಷೆಯಲ್ಲ. ಗುರುವಾರ ರಾತ್ರಿ ಥಿಯೇಟರಿನ ಅಣ್ಣನೊಬ್ಬ ಸೈಕಲ್ಲಿನ ಕ್ಯಾರಿಯರಿಗೆ ಪೋಸ್ಟರಿನ ಸುರುಳಿ ಕಟ್ಟಿಕೊಂಡು, ಹ್ಯಾಂಡಲ್ಲಿಗೆ ಬಕೆಟ್ ನೇತುಹಾಕಿಕೊಂಡು ಬರುತ್ತಿದ್ದ. ಬಕೆಟ್ಟಿನಲ್ಲಿ ಮೈದಾ ಗಂಜಿ. ಅದನ್ನು ಕುದಿಸುವಾಗ ಚೂರು ಮೈಲುತುತ್ತ ಹಾಕಬೇಕು, ಇಲ್ಲದಿದ್ದರೆ ಹುಳ ಹಿಡಿಯುತ್ತದೆ, ದನಕ್ಕೂ ರುಚಿ ಸಿಕ್ಕಿಬಿಡುತ್ತದೆ. ಅಣ್ಣ ತುತ್ತ ಮರೆತ ವಾರ ಶುಕ್ರವಾರ ಬೆಳಿಗ್ಗೆಯೇ ನಮಗೆ ಗೊತ್ತಾಗುತ್ತಿತ್ತು. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ನಾಯಕ ಸೊಂಟದವರೆಗೆ ಮಾತ್ರ ಉಳಿದಿರುತ್ತಿದ್ದ. ನಿರ್ಮಾಪಕರು, ಸಂಕಲನಕಾರರು, ಎರಡನೇ ನಾಯಕಿ, ಎಲ್ಲರೂ ಬಿಡಾಡಿ ಹಸುವಿನ ಹೊಟ್ಟೆಯಲ್ಲಿ. ಸಿನಿಮಾದ ತಾಂತ್ರಿಕ ವರ್ಗವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ವಿಮರ್ಶಕರನ್ನು ನಾನು ಆಮೇಲೆ ಕಂಡಿಲ್ಲ.

ದೊಡ್ಡ ಪೋಸ್ಟರುಗಳು ಹಾಳೆ ಹಾಳೆಯಾಗಿ ಬರುತ್ತಿದ್ದವು. ಕತ್ತಲಲ್ಲಿ ಜೋಡಿಸುವಾಗ ಎರಡು ಬೆರಳಷ್ಟು ಹೆಚ್ಚುಕಮ್ಮಿ ಆಗುತ್ತಿತ್ತು. 1983ರ ‘ಕವಿರತ್ನ ಕಾಳಿದಾಸ’ ಬೆಂಗಳೂರಲ್ಲೆಲ್ಲ ಓಡಿ ಸುಸ್ತಾಗಿ ನಮ್ಮೂರಿಗೆ ಬಂದಾಗ ರಾಜಕುಮಾರ್ ಅವರ ಕಣ್ಣಿಗೂ ಮೂಗಿಗೂ ನಡುವೆ ಒಂದು ಮೆಟ್ಟಿಲು ಇತ್ತು. ಅದು ಕಾಳಿಯ ಮಹಿಮೆ ಇರಬೇಕೆಂದು ತಂಗಿಗೆ ವಿವರಿಸಿದ್ದೆ.

ತಂಗಿಗೆ ನಾನು ವಿವರಿಸದೆ ಬಿಟ್ಟ ಸಿನಿಮಾ ಇಲ್ಲ. ಮನೆಯಲ್ಲಿ ವರ್ಷಕ್ಕೆ ಎರಡು ಸಿನಿಮಾ ತೋರಿಸಿದರೆ ಹೆಚ್ಚು. ಉಳಿದ ಐವತ್ತು ಶುಕ್ರವಾರ ಗೋಡೆಯೇ ಗತಿ. ಪೋಸ್ಟರಿನಲ್ಲಿ ಒಂದು ಪಿಸ್ತೂಲು, ಒಂದು ಅಳುವ ತಾಯಿ, ಮೂಲೆಯಲ್ಲೊಂದು ರೈಲು ಇದ್ದರೆ ಸಾಕು. ರಾತ್ರಿ ಚಾಪೆ ಮೇಲೆ ಮಲಗಿ ಮೂರು ಗಂಟೆ ಕಥೆ ಹೇಳುತ್ತಿದ್ದೆ, ಹಾಡುಗಳ ಜಾಗ ಬಿಟ್ಟು. ‘ಇಂದಿನಿಂದ’ ಚೀಟಿ ಹೋಗಿ ‘ಯಶಸ್ವಿ ಎರಡನೇ ವಾರ’ ಅಂಟಿದರೆ ಕಥೆ ಮುಂದುವರಿಯುತ್ತಿತ್ತು. ‘ಇಂದೇ ಕಡೆ’ ಬಂದ ದಿನ ಖಳನಾಯಕನನ್ನು ಕೊಂದು ಮುಗಿಸಲೇಬೇಕು. ದೊಡ್ಡವನಾದ ಮೇಲೆ ಅವುಗಳಲ್ಲಿ ಕೆಲವನ್ನು ನಿಜಕ್ಕೂ ನೋಡಿದೆ. ನನ್ನವೇ ವಾಸಿ ಇದ್ದವು.

ಇಷ್ಟು ಅನುಭವ ಇಟ್ಟುಕೊಂಡು ಸುಮ್ಮನೆ ಕೂರುವುದು ಹೇಗೆ? ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಇಡೀ ಪೋಸ್ಟರು ಬೂದುಬಿಳಿ. ಬಲಗಡೆ ಕೆಳಗೆ ಹೆಬ್ಬೆರಳಷ್ಟು ದೊಡ್ಡ ಒಬ್ಬ ಹುಡುಗಿ, ಬೆನ್ನು ತಿರುಗಿಸಿ ನಿಂತಿದ್ದಾಳೆ. ಅಷ್ಟೇ. ಹೊಗೆಯಲ್ಲಿ ಕಳೆದುಹೋದ ಅಜ್ಜಿಯನ್ನು ಮೊಮ್ಮಗಳು ಹುಡುಕುವ ಕಥೆಯಂತೆ.

“ಅಜ್ಜಿ ಎಲ್ಲಿ?”

“ಕಳೆದುಹೋಗಿದ್ದಾರಲ್ಲ ಅಪ್ಪಾ.”

“ಪೋಸ್ಟರಲ್ಲಾದರೂ ಇರಬೇಡವಾ? ವಿಲನ್ ಯಾರು? ಕಾಮಿಡಿಗೆ ಯಾರೂ ಇಲ್ವಾ? ಇಷ್ಟೊಂದು ಜಾಗ ಖಾಲಿ ಬಿಟ್ಟಿದ್ದೀಯ!”

“ನೆಗೆಟಿವ್ ಸ್ಪೇಸ್.”

“ನಮ್ಮೂರಲ್ಲಿ ಇಷ್ಟು ಜಾಗ ಬಿಟ್ಟರೆ ಮೂಲವ್ಯಾಧಿ ಡಾಕ್ಟರ ಚೀಟಿ ಅಂಟಿಸಿ ಹೋಗ್ತಿದ್ರು.”

ದೆಹಲಿಯ ಗೋಡೆಗಳ ಮೇಲೂ ಅಂಥವೇ ಇರುವುದು. 2007ರಲ್ಲಿ ಗೋಡೆ ಕೆಡಿಸುವುದರ ವಿರುದ್ಧ ಇಲ್ಲಿ ಕಾಯ್ದೆಯೇ ಬಂದಿದೆ. ಆದರೂ ಮೆಟ್ರೋ ಕಂಬಗಳಿಗೆ ಕೋಚಿಂಗಿನವರು, ಪಿಜಿಯವರು ಅಂಟಿಸುತ್ತಲೇ ಇದ್ದಾರೆ. ಸಿನಿಮಾ ಮಾತ್ರ ಗೋಡೆಯಿಂದ ಇಳಿದು ಫೋನಿಗೆ ಹೋಯಿತು. ಹಳೆಯ ಹಿಂದಿ ಪೋಸ್ಟರುಗಳನ್ನು ಈಗ ಹೌಜ್ ಖಾಸ್ ವಿಲೇಜಿನ ಅಂಗಡಿಗಳಲ್ಲಿ ಮಾರುತ್ತಾರೆ. ಒಮ್ಮೆ ಬೆಲೆ ಕೇಳಿ, ದನಗಳು ಎಷ್ಟು ದುಬಾರಿ ಮೇವು ತಿಂದವಲ್ಲ ಅನ್ನಿಸಿತ್ತು.

ಎಂ.ಎಫ್. ಹುಸೇನ್ ಕೂಡ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದರು ಎಂದು ಅವಳ ಮೇಡಂ ಪಾಠ ಮಾಡಿದ್ದರಂತೆ. ನನಗೆ ಊರಿನ ಅಭಿಮಾನ ಉಕ್ಕಿತು. ಎಸ್.ಎಂ. ಪಂಡಿತರನ್ನು ಎಳೆದು ತಂದೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರುಗಳನ್ನು, ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಚಿತ್ರಗಳನ್ನು ಬರೆದವರು. ಕ್ಯಾಲೆಂಡರಿನ ದೇವರುಗಳನ್ನೂ ಅದೇ ಕೈ ಬರೆಯಿತು. ನಾಯಕಿಯ ಪೋಸ್ಟರ್ ಕಂಡರೆ ನನ್ನ ಅಜ್ಜಿ ಅಭ್ಯಾಸಬಲದಿಂದ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದದ್ದರಲ್ಲಿ ತಪ್ಪೇನಿಲ್ಲ.

“ಗುಡ್ ಪಾಯಿಂಟ್,” ಎಂದು ಮಗಳು ಬರೆದುಕೊಂಡಳು. ನಾನು ಹೇಳಿದ್ದರಲ್ಲಿ ಅವಳು ಬರೆದುಕೊಂಡದ್ದು ಅದೊಂದೇ.

ಹೆಸರು ಇಡುವಾಗ ಮಾತ್ರ ನನ್ನ ಅಗತ್ಯ ಬಿತ್ತು. ಸಿನಿಮಾ ಕನ್ನಡದ್ದು ಎಂದು ಅವಳೇ ತೀರ್ಮಾನಿಸಿದ್ದಳು; ಅಜ್ಜಿ ಬೇರೆ ಭಾಷೆಯಲ್ಲಿ ಕಳೆದುಹೋಗುವುದು ಅವಳಿಗೆ ಹೊಂದಲಿಲ್ಲವಂತೆ. ‘ಮಂಜಲ್ಲ’ ಎಂದೆ. ಅವಳಿಗೆ ಹಿಡಿಸಿತು, ಸಾಫ್ಟ್‌ವೇರಿಗೆ ಹಿಡಿಸಲಿಲ್ಲ. ಲ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಇನ್ನೊಂದು ಇಡೀ ಲ ಆಗಿ ನಿಂತಿತು, ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ. ಏನೇನೋ ಸೆಟ್ಟಿಂಗ್ ಬದಲಿಸಿದರೂ ಜಗ್ಗಲಿಲ್ಲ.

ಕೊನೆಗೆ ಬಿಳಿ ಹಾಳೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಾನೇ ಬರೆದೆ. ಕನ್ನಡವನ್ನು ಅಷ್ಟು ದೊಡ್ಡದಾಗಿ ಬರೆದು ಎಷ್ಟು ವರ್ಷವಾಗಿತ್ತೋ. ಮ ಬರೆದೆ, ಸೊನ್ನೆ ಇಟ್ಟೆ, ಜ ಸುತ್ತಿದೆ, ಲ ಬರೆದು ಅದರ ಕಾಲಡಿ ಒತ್ತನ್ನು ನೀಟಾಗಿ ಕೂರಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕೈ ಕೇಳಲಿಲ್ಲ, ಪ್ರತಿ ಅಕ್ಷರದ ಬಲಕ್ಕೂ ಕೆಳಕ್ಕೂ ದಪ್ಪ ನೆರಳು ಎಳೆಯಿತು. ತಿಪಟೂರಿನ ಗೋಡೆಯಲ್ಲಿ ನೆರಳಿಲ್ಲದ ಟೈಟಲ್ ನಾನು ನೋಡೇ ಇಲ್ಲ. ಮಗಳು ಒಂದು ನಿಮಿಷ ಸುಮ್ಮನಿದ್ದು, ಫೋನಿನಲ್ಲಿ ಫೋಟೋ ಹೊಡೆದು ಹಾಗೇ ಹಾಕಿಕೊಂಡಳು.

ಡಿಸೆಂಬರಿನಲ್ಲಿ ಶಾಲೆ ತೆರೆದಾಗ ಪೋಸ್ಟರುಗಳನ್ನು ತರಗತಿಯ ಗೋಡೆಗೆ ಹಚ್ಚಿ, ಮಕ್ಕಳು ಒಬ್ಬರದಕ್ಕೊಬ್ಬರು ಹಳದಿ ಚೀಟಿ ಅಂಟಿಸಿ ಅಭಿಪ್ರಾಯ ಬರೆದರು. ಒಬ್ಬ “ಕೆಜಿಎಫ್ ವಾಲೀ ಭಾಷಾ?” ಎಂದು ಬರೆದಿದ್ದ. ಇನ್ನೊಬ್ಬಳಿಗೆ ಹೀರೋ ಬೇಕಿತ್ತು. ಮೇಡಂ ಕೊಟ್ಟದ್ದು ಏಳೂವರೆ. ಟಾರ್ಗೆಟ್ ಆಡಿಯನ್ಸ್ ಯಾರೆಂದು ಸ್ಪಷ್ಟವಿಲ್ಲ ಎಂದು ಅಲ್ಲಿ ಒಂದೂವರೆ ಕಡಿತ. ಕ್ರೆಡಿಟ್ ಬ್ಲಾಕಿನಲ್ಲಿ ಒಂದು. ಅಕ್ಷರಕ್ಕೆ ಎರಡಕ್ಕೆ ಎರಡು, ಪಕ್ಕದಲ್ಲಿ ‘ರೆಟ್ರೋ’ ಎಂಬ ಷರಾ. ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಬಂದ ಫುಲ್ ಮಾರ್ಕ್ಸು. ರೆಟ್ರೋ ಎಂದದ್ದು ಅಕ್ಷರವನ್ನೋ ನನ್ನನ್ನೋ ಎಂದು ವಿಚಾರಿಸಲು ಹೋಗಲಿಲ್ಲ.

“ಕೊನೆಗೆ ಅಜ್ಜಿ ಸಿಗ್ತಾರಾ?” ಎಂದು ಆ ರಾತ್ರಿ ಕೇಳಿದೆ.

“ಅಪ್ಪಾ, ಪೋಸ್ಟರ್ ಅಷ್ಟೇ ಇರೋದು. ಸಿನಿಮಾ ಇಲ್ಲ.” ಕಿವಿಗೆ ಇಯರ್‌ಫೋನ್ ಹೋಯಿತು.

ಪೋಸ್ಟರನ್ನು ವಾಟ್ಸಾಪಿನಲ್ಲಿ ಊರಿಗೆ ಕಳಿಸಿದೆ. ಐದು ನಿಮಿಷಕ್ಕೆ ತಂಗಿಯ ಫೋನ್ ಬಂತು. ಈಗ ಅವಳೂ ಅಜ್ಜಿಯಾಗುವ ಹೊಸ್ತಿಲಲ್ಲಿದ್ದಾಳೆ. ಚೆನ್ನಾಗಿದೆ, ಗಿನ್ನಾಗಿದೆ ಏನೂ ಇಲ್ಲ.

“ಅಣ್ಣಾ, ಆ ಅಜ್ಜಿ ಎಲ್ಲಿಗೆ ಹೋಗಿರ್ತಾಳೆ? ಸಿಗ್ತಾಳಾ?”

ನಾನು ದಿಂಬನ್ನು ಗೋಡೆಗೆ ಒತ್ತರಿಸಿಕೊಂಡು ಕೂತೆ.

“ಇಂಟರ್ವಲ್ ತನಕ ಸಿಗಲ್ಲ ಕಣೇ,” ಎಂದೆ.