ಅಪ್ಪನ ಯೆಜ್ಡಿಗೆ ಕಂಪನಿ ಸಾಮಾನು

ಅಪ್ಪ ಹೋದ ಮೇಲೆ ಅವರ ಯೆಜ್ಡಿ ಹತ್ತು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ನಮ್ಮನ್ನೆಲ್ಲ ಕೂರಿಸಿಕೊಂಡು ಕೊಟ್ಟೂರು ತೇರಿಗೆ ಹೋಗುತ್ತಿದ್ದ ಗಾಡಿ. ಗುಜರಿಗೆ ಹಾಕಲು ಮನಸ್ಸಾಗದೆ ಅಣ್ಣತಮ್ಮಂದಿರು ಸೇರಿ ರಿಪೇರಿಗೆ ಇಳಿದೆವು.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಕಂಪನಿ ಸಾಮಾನು ಸಿಗುವುದು ಕಷ್ಟ. ಈ ಗಾಡಿಯಲ್ಲಿ ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ನಮ್ಮದರ ಹಲ್ಲು ಸವೆದಿತ್ತು. ‘ಒರಿಜಿನಲ್ಲೇ’ ಎಂದು ಅಂಗಡಿಯವರು ಕೊಟ್ಟದ್ದನ್ನು ಹಾಕಿಸಿದೆವು. ಅದು ಸರಿಯಾಗಿ ಕೂರದೆ, ಸಡಿಲಾಗಿ ಆಡಿ, ಒಳಗಿನ ಶಾಫ್ಟಿನ ಹಲ್ಲನ್ನೂ ತಿಂದಿತು. ಉಳಿಸಲು ಹೋದ ದುಡ್ಡಿಗೆ ಎರಡು ಪಟ್ಟು ಖರ್ಚಾಯಿತು.

ಆಮೇಲೆ ಹಗರಿಬೊಮ್ಮನಹಳ್ಳಿಯ ಹಳೇ ಮೆಕ್ಯಾನಿಕ್ ಕಾಕಾ ಹತ್ತಿರ ಹೋದೆವು. ಎಲ್ಲವೂ ಕಂಪನಿಯದೇ ಬೇಕು, ಅಪ್ಪ ಓಡಿಸಿದ ಹಾಗೇ ಇರಬೇಕು ಎಂದೆವು. ಕಾಕಾ ನಕ್ಕರು.

“ನೋಡ್ರಪ್ಪಾ, ಲಿವರು, ಶಾಫ್ಟು, ಗೇರು ಹಳೇವಾದ್ರೂ ಕಂಪನಿವೇ ಹುಡುಕ್ರಿ. ಬ್ರೇಕ್ ಲೈನರ್, ಕೇಬಲ್, ಟೈರು ಮಾತ್ರ ಹೊಸವೇ ಹಾಕ್ರಿ. ಡಬ್ಬಿಯೊಳಗ ಇಪ್ಪತ್ತೈದು ವರ್ಷ ಕುಂತ ರಬ್ಬರು ಕಂಪನಿದಾದ್ರೇನು, ಬಿರಿದೇ ಇರ್ತದ. ನಿಮ್ಮಪ್ಪ ಇದ್ದಿದ್ರ ಹಳೇ ಬ್ರೇಕಿನ ಮ್ಯಾಲೆ ನಿಮ್ಮನ್ನ ಕುಂದರಿಸ್ತಿದ್ರೇನು?”

ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಹರಪನಹಳ್ಳಿಯ ಗುಜರಿಯಲ್ಲಿ, ಬಿಚ್ಚಿ ಹಾಕಿದ್ದ ಇನ್ನೊಂದು ಯೆಜ್ಡಿಯ ಲಿವರ್, ಶಾಫ್ಟ್ ಎರಡೂ ಸಿಕ್ಕವು. ತುಕ್ಕು ಹಿಡಿದಿದ್ದವು, ಆದರೆ ಹಲ್ಲು ಗಟ್ಟಿ. ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಜ್ಜಿದೆವು. ಕೂರಿಸಿದಾಗ ಒಂದಿಷ್ಟೂ ಆಡಲಿಲ್ಲ.

ಮನೆಯಲ್ಲಿ ಹಳೇ ಗಾಡಿ ಇದ್ದವರಿಗೆ ನಮ್ಮದೊಂದು ಮಾತು: ಡಬ್ಬಿಯ ಮೇಲಿನ ಹೆಸರು ನಂಬಬೇಡಿ. ಬಿಚ್ಚಿದ ಸಾಮಾನು ಜೊತೆಗೆ ಒಯ್ಯಿರಿ, ಪಕ್ಕಕ್ಕಿಟ್ಟು ಹಲ್ಲು ಎಣಿಸಿ ನೋಡಿ. ಆಮೇಲೆ ದುಡ್ಡು ಕೊಡಿ.