ಸವಾಲಿಗೆ ಸಾರಾಂಶ

ಹಲಗೇರಿ ಸ್ಟ್ಯಾಂಡಿನಲ್ಲಿ ರಾಣೆಬೆನ್ನೂರು ಬಸ್ಸಿಗೆ ಕಾಯುತ್ತಿದ್ದ ಹುಡುಗನೊಬ್ಬ ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಮಣಮಣ ಅನ್ನುತ್ತಿದ್ದ. ಇಣುಕಿ ನೋಡಿದರೆ ಗೈಡು. ಹತ್ತನೇ ತರಗತಿಯ ‘ದಿ ಸಾಂಗ್ ಆಫ್ ಇಂಡಿಯಾ’ ಪದ್ಯದ ಸಾರಾಂಶ.

“ಪದ್ಯ ಎಲ್ಲೈತೋ?”

“ಪದ್ಯ ಓದಾಕ ಟೈಮ್ ಇಲ್ರೀ. ಇವತ್ತ ಟೆಸ್ಟ್ ಐತಿ.”

ಬರೆದವರು ನಮ್ಮ ಸವಣೂರಿನವರು ಅಂದೆ. “ಸವಣೂರಾ? ಇಂಗ್ಲಿಷ್‌ನ್ಯಾಗ?” ಅಂದವನು ಮತ್ತೆ ಕಣ್ಣು ಮುಚ್ಚಿದ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೂ ಕನ್ನಡಕ್ಕೆ ಜ್ಞಾನಪೀಠ ತಂದ ವಿ.ಕೃ. ಗೋಕಾಕರು ಆ ಹುಡುಗನ ಪಾಲಿಗೆ ನಾಲ್ಕು ಅಂಕ.

ಸಿಲಬಸ್ ಮುಗಿಯಬೇಕು, ಮನೆಯಲ್ಲಿ ಇಂಗ್ಲಿಷ್ ಇಲ್ಲ, ಎಲ್ಲ ಗೊತ್ತಿದ್ದದ್ದೇ. ಇಂಗ್ಲಿಷ್ ಪದ್ಯದ ಡ್ಯಾಫೊಡಿಲ್ ಹೂ ಕಾಣದ ಮಕ್ಕಳು ಎಂಬ ಹಳೇ ಗೋಳೂ ಬೇಡ. ಕಲ್ಪವೃಕ್ಷವನ್ನು ನಾವ್ಯಾರು ಕಂಡಿದ್ದೇವೆ?

ನನ್ನ ಹೊಟ್ಟೆಯುರಿ ಬೇರೆ. ಆ ಪದ್ಯ ಒಂದು ಜಗಳ. ನಿನ್ನ ಹಿಮಾಲಯವನ್ನು ಹಾಡಲೇ, ಕಡಲನ್ನು ಹಾಡಲೇ ಎಂದು ಕವಿ ಭಾರತಮಾತೆಯನ್ನು ಕೇಳಿದರೆ, ಬೀದಿಯ ಭಿಕ್ಷುಕರ ಪಾಡೇನು ಎಂದು ತಾಯಿ ತಿರುಗಿ ಕೇಳುತ್ತಾಳೆ. ಇದು ನಮ್ಮ ಕಡೆಯ ಗೀಗೀ ಪದಗಳ ಸವಾಲ್-ಜವಾಬ್ ಅಲ್ಲದೆ ಮತ್ತೇನು? ಹರದೇಶಿ ಮೇಳದವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಮೇಳದವರು ಹೆಣ್ಣೇ ಹೆಚ್ಚೆಂದು ಎದುರು ನಿಲ್ಲುತ್ತಾರೆ. ಜಾತ್ರೆಯಲ್ಲಿ ಬೆಳಗಾಗುವವರೆಗೆ ಡಪ್ಪು, ತುಂತುಣಿ, ನಡುನಡುವೆ ಹಿಮ್ಮೇಳದವರ ‘ಗೀಯ ಗೀಯ’. ಅರ್ಧ ಮಾತು ತಿಳಿಯದ ಮುದುಕನೂ ಯಾರು ಸೋಲುತ್ತಿದ್ದಾರೆಂದು ಬರೋಬ್ಬರಿ ಹೇಳುತ್ತಾನೆ. ಕ್ಲಾಸಿನಲ್ಲಿಯೂ ಹುಡುಗರು ಕವಿಯ ಕಡೆ, ಹುಡುಗಿಯರು ತಾಯಿಯ ಕಡೆ ನಿಂತು ಒಂದು ಸಲ ಕೂಗಾಡಲಿ. ಉಚ್ಚಾರ ಹಾಳಾದರೆ ಆಗಲಿ. ಹೆಡ್‌ಮಾಸ್ತರರು ಗದ್ದಲವೇನೆಂದು ಓಡಿ ಬಂದರೆ ಅವರ ಕೈಗೂ ಒಂದು ಡಪ್ಪು ಕೊಡಿ. ಶಿಕ್ಷಣ ಇಲಾಖೆ ಶಾಲೆಗೊಂದು ತುಂತುಣಿ ಮಂಜೂರು ಮಾಡಲಿ. ಕವಿ ಸೋತನೋ ತಾಯಿ ಸೋತಳೋ ಎಂದು ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೂ ಜಗಳ ನಡೆದರೆ, ಅದಕ್ಕಿಂತ ದೊಡ್ಡ ಕಾವ್ಯಮೀಮಾಂಸೆ ನನಗೆ ಬೇಡ.

ಇದನ್ನು ಯೋಚಿಸುವಾಗ ರಾಣೆಬೆನ್ನೂರಿನಲ್ಲಿ ಹುಟ್ಟಿದ ಸು.ರಂ. ಎಕ್ಕುಂಡಿ ನೆನಪಾದರು. ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು, ಕನ್ನಡದಲ್ಲಿ ಕಥನಕವನಗಳ ಕವಿ. ‘ಬಕುಲದ ಹೂವುಗಳು’ ಬರೆದು 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಕತೆಯನ್ನು ಪದ್ಯದಲ್ಲಿ ಹೇಳಿದ ಅವರು, ಮಕ್ಕಳಿಗೆ ಪದ್ಯವನ್ನು ಗದ್ಯದಲ್ಲಿ ಬರೆಯಿರಿ ಎಂದು ಹೇಗೆ ಹೇಳಿದರೋ! ಹೇಳಿಯೇ ಇರಬೇಕು. ಪರೀಕ್ಷೆ ಯಾವ ಮಾಸ್ತರರನ್ನು ಬಿಟ್ಟಿದೆ?