ಬಜೆಟ್ ಕೂದಲು, ಭಾಗ 3: 385 ರೂಪಾಯಿಗೆ ಬೆಲ್ಲದ ಬಣ್ಣ

ಭಾಗ 1ರಲ್ಲಿ ನಿಂಬೆರಸ ಹಚ್ಕೊಂಡು ಬಿಸಿಲಲ್ಲಿ ಕೂತಿದ್ದು, ಭಾಗ 2ರಲ್ಲಿ ಮಂಡ್ಯದ ಸಲೂನಲ್ಲಿ ರೇಟ್ ಕೇಳಿ ವಾಪಸ್ ಬಂದಿದ್ದು ಓದಿದ್ರಿ. "ಆಮೇಲೇನಾಯ್ತು ಮಗಾ" ಅಂತ ತುಂಬಾ ಜನ ಮೆಸೇಜ್ ಮಾಡಿದ್ರಿ. ಇವತ್ತು ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಸಲೂನಲ್ಲಿ ಕೇಳಿದ್ದು 2,800. ಬಿಕಾಂ ಓದ್ತಿರೋನಲ್ವಾ, ನೋಟ್ಸ್ ಹಿಂದಿನ ಪುಟದಲ್ಲಿ ಕಾಸ್ಟ್ ಶೀಟ್ ಹಾಕಿದೆ.

ಬ್ಲೀಚ್ ಪೌಡರ್ ಎರಡು ಪ್ಯಾಕೆಟ್: 120
ಡೆವಲಪರ್ ಬಾಟಲಿ: 160
ಬ್ರಶ್, ಗ್ಲೌಸ್: 70
ಹೊಳಲಿಂದ ಮಂಡ್ಯಕ್ಕೆ ಬಸ್ಸು, ಟೀ: 35 (ಅಕ್ಕ ಹೋಗಿದ್ರೆ ಶಕ್ತಿ ಯೋಜನೇಲಿ ಬಸ್ಸು ಫ್ರೀ. ಅವಳು ಬರಲ್ಲ ಅಂದ್ಲು)
ಒಟ್ಟು: 385

ಲೆಕ್ಕ ಸರಿ ಇತ್ತು. ತಪ್ಪಿದ್ದು ಬಾಟಲಿ ಆರಿಸೋದ್ರಲ್ಲಿ.

ಅಂಗಡೀಲಿ 20, 30, 40 ವಾಲ್ಯೂಮ್ ಅಂತ ಮೂರು ಥರ ಇತ್ತು. ದುಡ್ಡು ಒಂದೇ, ನಂಬರ್ ದೊಡ್ಡದು ಅಂತ 40 ತಗೊಂಡೆ. ಆ ನಂಬರ್ ಏನು ಅಂತ ಆಮೇಲೆ ಗೊತ್ತಾಯ್ತು. ಡೆವಲಪರ್ ಅಂದ್ರೆ ಹೈಡ್ರೋಜನ್ ಪೆರಾಕ್ಸೈಡ್. 20 ಅಂದ್ರೆ ಶೇ. 6, 30 ಅಂದ್ರೆ ಶೇ. 9, 40 ಅಂದ್ರೆ ಶೇ. 12. ಇದು ಪೌಡರ್ ಜೊತೆ ಸೇರಿ ಕೂದಲೊಳಗಿನ ಮೆಲನಿನ್ ಅನ್ನೋ ಬಣ್ಣಾನ ಒಡೆದು ಹಾಕುತ್ತೆ. ಹೊಸ ಬಣ್ಣ ಏನೂ ಕೊಡಲ್ಲ, ಇದ್ದಿದ್ದನ್ನ ತೆಗೆಯುತ್ತೆ ಅಷ್ಟೆ. ನಮ್ಮಂಥ ಕರೀ ಕೂದಲು ಮೊದಲು ಕೆಂಪಗಾಗಿ, ಆಮೇಲೆ ಕಿತ್ತಳೆ ಆಗಿ, ಕೊನೆಗೆ ಹಳದಿಗೆ ಬರುತ್ತೆ.

ನಾನು ಬುಡದಿಂದ್ಲೇ ಬಳ್ಕೊಂಡೆ. ನೆತ್ತಿಯ ಬಿಸಿಗೆ ಬುಡದಲ್ಲಿ ಬೇಗ ಬಣ್ಣ ಬಿಡುತ್ತೆ, ಅದಕ್ಕೆ ಬುಡ ಕೊನೇಲಿ ಹಚ್ಬೇಕು ಅನ್ನೋದು ಗೊತ್ತಿರ್ಲಿಲ್ಲ. ಇಪ್ಪತ್ತು ನಿಮಿಷಕ್ಕೆ ಉರಿ ಶುರು ಆಯ್ತು. ಉರಿ ಬಂದ್ರೆ ಕೆಲಸ ಮಾಡ್ತಿದೆ ಅಂತ ಲೆಕ್ಕ ಅಂದ್ಕೊಂಡು ಹಲ್ಲು ಕಚ್ಕೊಂಡು ಕೂತೆ. ಐವತ್ತನೇ ನಿಮಿಷಕ್ಕೆ ತಡ್ಕೊಳ್ಳೋಕಾಗದೆ ಹಿತ್ತಲಿಗೆ ಓಡಿದೆ. ಅವ್ವ ತೊಟ್ಟಿಯಿಂದ ಚೊಂಬು ಚೊಂಬು ನೀರು ಹುಯ್ದ್ಲು. ಹುಯ್ಯುವಷ್ಟು ಹೊತ್ತೂ ಬಯ್ದ್ಲು.

ಕನ್ನಡಿ ನೋಡ್ಕೊಂಡ್ರೆ ಬುಡ ಹಳದಿ, ತುದಿ ಇಟ್ಟಿಗೆ ಬಣ್ಣ. ಕಿವಿ ಹಿಂದೆ ಗುಳ್ಳೆ.

ಸಾಯಂಕಾಲ ಅಪ್ಪ ಬಂದ್ರು. ಒಂದ್ನಿಮಿಷ ನೋಡಿದ್ರು. "ಹೈಡ್ರೋಸ್ ಜಾಸ್ತಿ ಆಯ್ತೇನ್ಲಾ?" ಅಂದ್ರು.

ಮಂಡ್ಯ ಕಡೆಯವರಿಗೆ ಅರ್ಥ ಆಗಿರುತ್ತೆ. ಬೇರೆಯವರಿಗೆ ಹೇಳ್ತೀನಿ. ಅಪ್ಪ ಆಲೆಮನೇಲಿ ಕೆಲಸ ಮಾಡಿದವರು. ಕಬ್ಬಿನ ಹಾಲು ಕುದಿಯುವಾಗ ಬೆಲ್ಲ ತಿಳಿ ಬಣ್ಣ ಬರಲಿ ಅಂತ ಹಾಕೋ ಬಿಳೀ ಪುಡಿ ಹೈಡ್ರೋಸ್, ಸೋಡಿಯಂ ಹೈಡ್ರೋಸಲ್ಫೈಟ್. ಹಿಂದೆ ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ ಕೊಳೆ ತೆಗೀತಿದ್ರು. ಅದರಲ್ಲಿ ಇಷ್ಟು ತಿಳಿ ಬಣ್ಣ ಬರಲ್ಲ.

ಊಟ ಆದ್ಮೇಲೆ ಜಗಲೀಲಿ ಕೂತು ಅಪ್ಪಾನೇ ಮಾತು ತೆಗೆದ್ರು. "ನಾವೂ ಹಾಕ್ತಿದ್ವಿ ಕಣ್ಲಾ. ಕಪ್ ಬೆಲ್ಲ ತಕ್ಕೊಂಡೋದ್ರೆ ಮಂಡೀಲಿ ಯಾರೂ ತಿರುಗಿ ನೋಡ್ತಿರ್ಲಿಲ್ಲ. ಬೆಳ್ಳಗಿದ್ರೆ ರೇಟು. ವಸಿ ದಿನ ಕಳುದ್ರೆ ಅದೂ ಕಪ್ಪಗಾಯ್ತಿತ್ತು. ಅಷ್ಟೊತ್ಗೆ ಮಾರಿ ಆಗಿರ್ತಿತ್ತು." ಆಮೇಲೆ ನನ್ನ ತಲೆ ಕಡೆ ನೋಡಿ, "ನೀನು ಯಾರಿಗ್ಲಾ ಮಾರೋಕೋಗಿದ್ದೆ?" ಅಂದ್ರು.

ಉತ್ತರ ಹೇಳ್ಲಿಲ್ಲ. ಇಲ್ಲಿ ಹೇಳ್ತೀನಿ. ಕ್ಲಾಸಲ್ಲಿ ಅರವತ್ತು ಜನ, ನನ್ನ ಹೆಸರು ಗೊತ್ತಿರೋದು ಹತ್ತು ಜನಕ್ಕೆ. ಯಾರಾದ್ರೂ ಒಂದ್ಸಲ ತಿರುಗಿ ನೋಡ್ಲಿ ಅಂತ ಮಾಡಿದ್ದು.

ನೋಡಿದ್ರು. ಫೋಟೋ ಹಾಕಿದ ಹತ್ತು ನಿಮಿಷಕ್ಕೆ ಬಂದ ಮೊದಲನೇ ಕಾಮೆಂಟು: "ಚಪ್ರಿ". ಅದೇ ವಾರ ನಮ್ಮ ಕಾಲೇಜಿನ ಸೀನಿಯರ್ ಒಬ್ಬ ಸಲೂನಲ್ಲಿ ಅದೇ ಬಣ್ಣ ಮಾಡಿಸ್ಕೊಂಡು ಬಂದ. ಅವನಿಗೆ "ಬೆಂಕಿ ಮಗಾ". ಅವನ ಕೆಲಸ ನೀಟಾಗಿತ್ತು, ಒಪ್ತೀನಿ. ಆದ್ರೆ ನನಗೆ ಬಂದ ಪದ ಕೂದಲಿಗೆ ಹೇಳಿದ್ದಲ್ಲ. ಚಪ್ಪಲಿ, ಬಸ್ ಪಾಸು, ಊರು, ಎಲ್ಲಾ ಸೇರಿಸಿ ಹೇಳಿದ್ದು. ಚಪ್ಪರ ಕಟ್ಟೋರ ಹೆಸರಿಂದ ಆ ಬೈಗುಳ ಬಂತು ಅಂತಾರೆ. ನಮ್ಮೂರಲ್ಲಿ ಚಪ್ಪರ ಹಾಕದೆ ಒಂದು ಮದುವೆ ಆಗಲ್ಲ. ಅದು ಯಾವಾಗ ಬೈಗುಳ ಆಯ್ತೋ!

ಈಗ ಕಾಸ್ಟ್ ಶೀಟ್ ತಿದ್ದಿದ್ದೀನಿ. ಡಾಕ್ಟರ್, ಮುಲಾಮು 320. ತಲೆ ಉರಿಗೆ ಎರಡು ದಿನ ಆಡಿಟರ್ ಆಫೀಸಿನ ಟ್ಯಾಲಿ ಎಂಟ್ರಿ ಕೆಲಸಕ್ಕೆ ಹೋಗ್ಲಿಲ್ಲ, 500. ಸುಟ್ಟ ತುದಿ ಕತ್ತರಿಸಿದ್ದು 100. ಒಟ್ಟು 1,305. "ಆದ್ರೂ ಸಲೂನ್‌ಗಿಂತ ಕಡಿಮೇನೇ ಅಲ್ವಾ" ಅಂತೀರಾ? ಗುಳ್ಳೆಗೆ ನಾನು ರೇಟ್ ಹಾಕಿಲ್ಲ.

ಮಾಡ್ಬೇಡಿ ಅಂತ ಹೇಳಲ್ಲ. ಮಾಡೋರು ಇಷ್ಟು ನೋಡ್ಕೊಳ್ಳಿ:

• ಎರಡು ದಿನ ಮುಂಚೆ ಕಿವಿ ಹಿಂದೆ ಒಂದು ಚುಕ್ಕಿ ಹಚ್ಚಿ ನೋಡಿ. ಕೆರೆತ, ಉರಿ ಬಂದ್ರೆ ಅಲ್ಲಿಗೇ ಬಿಡಿ.
• ಮನೇಲಿ 20 ವಾಲ್ಯೂಮ್ ಸಾಕು. ನಿಧಾನ ಆಗುತ್ತೆ, ಆಗ್ಲಿ.
• ಬುಡದಿಂದ ಅರ್ಧ ಇಂಚು ಬಿಟ್ಟು ಹಚ್ಚಿ. ಬುಡಕ್ಕೆ ಕೊನೇಲಿ.
• ಪ್ಲಾಸ್ಟಿಕ್ ಬಟ್ಟಲು ತಗೊಳ್ಳಿ, ಸ್ಟೀಲ್ ಬೇಡ.
• ಹತ್ತು ನಿಮಿಷಕ್ಕೊಂದ್ಸಲ ನೋಡಿ. ಪ್ಯಾಕೆಟ್ ಮೇಲಿರೋ ಟೈಮ್ ದಾಟಿಸ್ಬೇಡಿ. ಉರಿ ಬಂದ ತಕ್ಷಣ ತೊಳೀರಿ.
• ಕಪ್ಪು ಡೈ, ಪ್ಯಾಕೆಟ್ ಮೆಹಂದಿ ಹಾಕಿದ ಕೂದಲಾದ್ರೆ ಮೊದಲು ನಾಲ್ಕು ಎಳೆ ಕತ್ತರಿಸಿ ಅದರ ಮೇಲೆ ಹಚ್ಚಿ ನೋಡಿ.
• ಕಿತ್ತಳೆ ಬಂತು ಅಂತ ಅದೇ ದಿನ ಎರಡನೇ ಸಲ ಹಚ್ಬೇಡಿ. ಅದು ದಾರೀಲಿ ಬರೋ ಸ್ಟಾಪು. ಕಿತ್ತಳೆ ತಗ್ಗಿಸೋಕೆ ನೀಲಿ ಶಾಂಪೂ, ಹಳದಿಗೆ ನೇರಳೆ.

ಎರಡು ತಿಂಗಳಾಯ್ತು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಬುಡದಿಂದ ಕಪ್ಪು ಬರ್ತಿದೆ. ಸೈಡೆಲ್ಲಾ ಸಣ್ಣಗೆ ಹೊಡೆಸಿ ಮುಂದೆ ಮಾತ್ರ ಬಿಟ್ಟಿದ್ದೀನಿ. ಮೊನ್ನೆ ಅಪ್ಪ ಅಂಗಡಿಯಿಂದ ಬೆಲ್ಲ ತಂದ್ರು, ಕಪ್ಪಂದು. "ಬೆಂಗಳೂರ್ನೋರು ಈಗ ಇದನ್ನೇ ಕೇಳ್ತಾವ್ರಂತೆ ಕಣ್ಲಾ, ಜಾಸ್ತಿ ದುಡ್ ಕೊಟ್ಟು" ಅಂತ ನಕ್ಕರು. ನನ್ನ ತಲೆ ಬಗ್ಗೆ ಏನೂ ಹೇಳ್ಲಿಲ್ಲ.

ಆ ಕಾಮೆಂಟ್ ಇನ್ನೂ ಅಳಿಸಿಲ್ಲ. ಫೋಟೋನೂ ಅಳಿಸಿಲ್ಲ.

ಭಾಗ 4: ನೀಲಿ ಶಾಂಪೂ, 20 ವಾಲ್ಯೂಮ್, ಮುಂದಿನ ಕೂದಲಿಗೆ ಮಾತ್ರ. ಈ ಸಲ ಗಡಿಯಾರ ಅವ್ವನ ಕೈಲಿ. ನಿಮ್ಮ ಕಾಸ್ಟ್ ಶೀಟ್ ಕಾಮೆಂಟಲ್ಲಿ ಹಾಕಿ, ಗುಳ್ಳೆ ಸಮೇತ.

#ಬಜೆಟ್‌ಕೂದಲು #ಹೊಳಲು #ಮಂಡ್ಯ #ಬಿಕಾಂಹುಡುಗ